ಸಮೀಪ, ದೂರ ಮತ್ತು ಯಂತ್ರದ ವಿವೇಕ

ಇರುವ ವಸ್ತುವೂ ಕೆಲವು ವೇಳೆ ಕಣ್ಣಿಗೆ ಕಾಣದೆ ಹೋಗುವುದೇಕೆ ಎಂಬ ಪ್ರಶ್ನೆಯನ್ನು ಪ್ರಾಚೀನರು ಚೆನ್ನಾಗಿ ವಿಚಾರಮಾಡಿದ್ದರು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಇದಕ್ಕೆ ಎಂಟು ಕಾರಣಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಮೊದಲನೆಯದು ಅತಿಯಾದ ದೂರ. ಎರಡನೆಯದು ಅತಿಯಾದ ಸಾಮೀಪ್ಯ. ಬಾನಿನಲ್ಲಿ ಬಹು ಎತ್ತರಕ್ಕೇರಿದ ಹಕ್ಕಿಯು ಕಾಣುವುದಿಲ್ಲ. ಕಣ್ಣಿಗೆ ಹಚ್ಚಿದ ಕಾಡಿಗೆಯು ಆ ಕಣ್ಣಿಗೇ ಕಾಣುವುದಿಲ್ಲ ಎಂದು ವ್ಯಾಖ್ಯಾನಕಾರರು ಉದಾಹರಣೆ ಕೊಡುತ್ತಾರೆ. ಈ ಎರಡು ಅತಿಗಳ ನಡುವೆ ದೃಷ್ಟಿಗೆ ದಕ್ಕುವ ಪ್ರದೇಶವೊಂದುಂಟು. ಮನುಷ್ಯನ ಕಣ್ಣಿಗೆ ಇದು ಹೇಗೋ, ಛಾಯಾಚಿತ್ರವನ್ನು ತೆಗೆಯುವ ಕ್ಯಾಮರಾಕ್ಕೂ ಹಾಗೆಯೇ. ಆ ಪ್ರದೇಶವು ಎಲ್ಲಿಂದ ಎಲ್ಲಿಯವರೆಗೆ ಇರತಕ್ಕದ್ದು ಎಂಬುದನ್ನು ಗೊತ್ತುಮಾಡುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದರೆ ಏನಾಗುವುದೆಂಬ ವಿಚಾರವು ಮೇಲುನೋಟಕ್ಕೆ ಕುಶಲಕರ್ಮಿಗಳಿಗೆ ಮಾತ್ರ ಸೇರಿದ್ದಾಗಿ ಕಂಡರೂ, ಗೋಡೆಯ ಮೇಲೆ ಹಿರಿಯರ ಚಿತ್ರವನ್ನು ತೂಗುಹಾಕಿರುವ ಪ್ರತಿಯೊಂದು ಮನೆಗೂ ಅದು ಸಂಬಂಧಪಟ್ಟದ್ದೇ ಆಗಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಕ್ಯಾಮರಾದ ಮಸೂರವು ಒಂದು ಗೊತ್ತಾದ ದೂರದಲ್ಲಿರುವ ವಸ್ತುವನ್ನು ಮಾತ್ರ ಪೂರ್ಣವಾಗಿ ಸ್ಫುಟಗೊಳಿಸಬಲ್ಲುದು. ಆ ದೂರದಲ್ಲಿರುವ ಬಿಂದುವು ಚಿತ್ರದಲ್ಲಿಯೂ ಬಿಂದುವಾಗಿಯೇ ಮೂಡುತ್ತದೆ. ಅದಕ್ಕಿಂತ ಮುಂದೆಯಾಗಲಿ ಹಿಂದೆಯಾಗಲಿ ಇರುವ ಬಿಂದುವು ಚಿಕ್ಕದೊಂದು ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಬಿಲ್ಲೆಗಳು ದೊಡ್ಡವಾದಷ್ಟೂ ಚಿತ್ರವು ಮಸುಕಾಗುತ್ತದೆ. ಆದರೆ ಮನುಷ್ಯನ ಕಣ್ಣಿನ ಸೂಕ್ಷ್ಮತೆಗೂ ಒಂದು ಮಿತಿಯಿದೆ. ಬಿಲ್ಲೆಯು ತೀರ ಸಣ್ಣದಾಗಿದ್ದರೆ ಕಣ್ಣು ಅದನ್ನು ಬಿಂದುವೆಂದೇ ನಂಬುತ್ತದೆ. ೩೫ ಮಿಲಿಮೀಟರ್ ಫಿಲ್ಮಿನ ಕ್ಯಾಮರಾಗಳಲ್ಲಿ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು, ಎಂದರೆ ೦.೦೩ ಮಿಲಿಮೀಟರ್, ವ್ಯಾಸದ ಬಿಲ್ಲೆಯವರೆಗೆ ಸ್ಫುಟವೆಂದು ಲೆಕ್ಕಹಾಕುವ ರೂಢಿ ಬಂದಿದೆ. ಹೀಗೆ ಸ್ಫುಟವೆಂದು ತೋರುವ ಅತ್ಯಂತ ಸಮೀಪದ ಸ್ಥಳದಿಂದ ಅತ್ಯಂತ ದೂರದ ಸ್ಥಳದವರೆಗಿನ ಅಂತರಕ್ಕೆ ಛಾಯಾಗ್ರಾಹಕರು ಡೆಪ್ತ್ ಆಫ್ ಫೀಲ್ಡ್ ಎಂದು ಹೆಸರಿಟ್ಟಿದ್ದಾರೆ. ಸ್ಫುಟತೆಯ ಆಳವೆಂದು ಅದನ್ನು ಕರೆಯಬಹುದು.

ಈ ಆಳವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಮಸೂರದ ನಾಭಿದೂರ, ವಸ್ತುವಿನ ದೂರ, ಬೆಳಕು ಒಳಬರುವ ರಂಧ್ರದ ಅಗಲ. ರಂಧ್ರವು ಕಿರಿದಾದಷ್ಟೂ ಬಿಲ್ಲೆಗಳು ಕಿರಿದಾಗಿ ಆಳವು ಹೆಚ್ಚುತ್ತದೆ. ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದ ಲಬ್ಧವನ್ನೇ ಎಫ್ ಸಂಖ್ಯೆ ಎನ್ನುತ್ತಾರೆ. ಆದುದರಿಂದ ಸಂಖ್ಯೆ ದೊಡ್ಡದಾದರೆ ರಂಧ್ರವು ಚಿಕ್ಕದು. ೫೦ ಮಿಲಿಮೀಟರ್ ನಾಭಿದೂರದ ಮಸೂರವೊಂದನ್ನು ೪ ಮೀಟರ್ ದೂರಕ್ಕೆ ಹೊಂದಿಸಿದೆವೆಂದು ಇಟ್ಟುಕೊಂಡರೆ, ಎಫ್ ೨ರಲ್ಲಿ ಸುಮಾರು ೩.೬೫ ಮೀಟರಿನಿಂದ ೪.೪ ಮೀಟರಿನವರೆಗೆ ಮಾತ್ರ ಸ್ಫುಟವಾಗಿರುತ್ತದೆ. ಅದೇ ಮಸೂರವನ್ನು ಎಫ್ ೮ಕ್ಕೆ ಕಿರಿದುಗೊಳಿಸಿದರೆ ಸುಮಾರು ೨.೯ ಮೀಟರಿನಿಂದ ೬.೫ ಮೀಟರಿನವರೆಗೂ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಮುಕ್ಕಾಲು ಮೀಟರಿನ ಇಕ್ಕಟ್ಟಾದ ಓಣಿಯು ಮೂರೂವರೆ ಮೀಟರಿಗೂ ಮಿಕ್ಕಿದ ಅಂಗಳವಾಗುತ್ತದೆ.

ಕಣ್ಣು ಈ ಕೆಲಸವನ್ನು ಯಾರ ಅಪ್ಪಣೆಯನ್ನೂ ಕಾಯದೆ ತಾನಾಗಿಯೇ ಮಾಡಿಕೊಳ್ಳುತ್ತದೆ. ಪಾಪೆಯ ರಂಧ್ರವು ಪ್ರಖರವಾದ ಬೆಳಕಿನಲ್ಲಿ ಸುಮಾರು ೨ ಮಿಲಿಮೀಟರಿಗೆ ಕುಗ್ಗುತ್ತದೆ. ಎಳೆಯ ವಯಸ್ಸಿನವರಲ್ಲಿ ಕತ್ತಲೆಯಲ್ಲಿ ಸುಮಾರು ೮ ಮಿಲಿಮೀಟರಿನವರೆಗೂ ಹಿಗ್ಗಬಲ್ಲುದು. ಹತ್ತಿರದ ಅಕ್ಷರವನ್ನು ಓದುವಾಗ ಬೆಳಕು ಬದಲಾಗದಿದ್ದರೂ ಪಾಪೆಯು ಕೊಂಚ ಕಿರಿದಾಗುತ್ತದೆ. ಸಮೀಪದಲ್ಲಿ ಸ್ಫುಟತೆಯ ಆಳವು ಕಡಮೆಯಾದುದರಿಂದ ಆ ಕೊರತೆಯನ್ನು ತುಂಬುವುದಕ್ಕೆ ಇದು ನೆರವಾಗುತ್ತದೆ. ನಲವತ್ತು ದಾಟಿದವರ ಕನ್ನಡಕಕ್ಕೆ ಹಳಬರು ಚಾಳೀಸು ಎಂದು ಹೆಸರಿಟ್ಟುದು ಸುಮ್ಮನೆ ಅಲ್ಲ. ಆ ವಯಸ್ಸಿನ ಸುಮಾರಿಗೆ ಕಣ್ಣಿನೊಳಗಣ ಮಸೂರವು ಬಾಗುವ ಗುಣವನ್ನು ಕಳೆದುಕೊಂಡು ಹತ್ತಿರದ ವಸ್ತುವಿಗೆ ಹೊಂದಿಕೊಳ್ಳಲಾರದೆ ಹೋಗುತ್ತದೆ. ಚಾಳೀಸನ್ನು ಎಲ್ಲಿಯೋ ಇಟ್ಟು ಮರೆತ ಹಿರಿಯರು ಪಂಚಾಂಗದ ಸಣ್ಣ ಅಕ್ಷರವನ್ನು ಓದಲು ಮುಷ್ಟಿಯನ್ನು ಮಡಿಸಿ, ಅದರ ನಡುವಣ ಸಣ್ಣ ಸಂದಿನಿಂದ ನೋಡುವುದುಂಟು. ಅಕ್ಷರಗಳು ಆಗ ತಟ್ಟನೆ ತಿಳಿಯಾಗುತ್ತವೆ. ಇದು ಎಫ್ ಸಂಖ್ಯೆಯನ್ನು ಹೆಚ್ಚಿಸುವ ಕೈಗೆಟುಕುವ ಉಪಾಯವೇ ಹೊರತು ಬೇರೆಯಲ್ಲ. ಆದರೆ ಮುಷ್ಟಿಯ ಸಂದಿನಿಂದ ಕಂಡ ಪುಟವು ಮಂಕಾಗಿಯೂ ಇರುತ್ತದೆ. ಈ ಮಂಕುತನವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ಕಷ್ಟಕ್ಕೆಲ್ಲ ಅದೇ ಮೂಲ.

ಚಿತ್ರದಲ್ಲಿ ಎಷ್ಟು ಭಾಗ ಸ್ಫುಟವಾಗಿರಬೇಕೆಂಬುದರ ಬಗ್ಗೆ ಬಲ್ಲವರಲ್ಲಿಯೇ ಒಮ್ಮತವಿರಲಿಲ್ಲ. ಪಿ. ಎಚ್. ಎಮರ್ಸನ್ ಎಂಬಾತನು ೧೮೮೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಣ್ಣು ಎಲ್ಲವನ್ನೂ ಒಂದೇ ಸಮನಾಗಿ ನೋಡುವುದಿಲ್ಲವಾದುದರಿಂದ ಚಿತ್ರದಲ್ಲಿಯೂ ಪ್ರಧಾನವಾದ ವಸ್ತುವು ಸ್ಪಷ್ಟವಾಗಿದ್ದು ಮಿಕ್ಕವು ಮೃದುವಾಗಿರುವುದೇ ಸಹಜವೆಂದು ವಾದಿಸಿದನು. ಇದಕ್ಕೆ ವಿರೋಧವಾಗಿ ೧೯೩೨ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕೂಡಿ ಒಂದು ಬಳಗವನ್ನು ಕಟ್ಟಿ, ಅದಕ್ಕೆ ಎಫ್ ೬೪ ಎಂದೇ ಹೆಸರಿಟ್ಟರು. ಅವರ ದೊಡ್ಡ ಕ್ಯಾಮರಾಗಳಲ್ಲಿ ಅತ್ಯಂತ ಕಿರಿದಾದ ರಂಧ್ರವನ್ನು ಸೂಚಿಸುವ ಸಂಖ್ಯೆ ಅದು. ಕಾಲಬುಡದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಸಕಲವೂ ತೀಕ್ಷ್ಣವಾಗಿರಬೇಕೆಂಬುದು ಅವರ ಮತ. ಚಲಚ್ಚಿತ್ರದಲ್ಲಿ ೧೯೪೧ರ ಸಿಟಿಜನ್ ಕೇನ್ ಚಿತ್ರಕ್ಕೆ ಗ್ರೆಗ್ ಟೋಲಂಡನು ಮುಂದಿನ ಮುಖವೂ ಹಿಂದಿನ ಬಾಗಿಲೂ ಏಕಕಾಲದಲ್ಲಿ ಸ್ಫುಟವಾಗಿರುವಂತೆ ದೃಶ್ಯಗಳನ್ನು ತೆಗೆದು ಕೀರ್ತಿಯನ್ನು ಪಡೆದನು. ಒಂದು ಮತದಂತೆ ಮಸುಕು ಗುಣ; ಇನ್ನೊಂದು ಮತದಂತೆ ಅದು ದೋಷ. ಉಭಯಪಕ್ಷಗಳಲ್ಲಿಯೂ ನಿರ್ಣಯವನ್ನು ಮಾಡಿದವನು ಮಾತ್ರ ಮನುಷ್ಯನೇ ಆಗಿದ್ದನು.

ಆ ನಿರ್ಣಯವನ್ನು ಕಾರ್ಯಕ್ಕೆ ತರುವುದಕ್ಕೆ ಹಿಂದೆ ಸ್ವಲ್ಪ ಗಣಿತವೂ ಬಹಳ ಅಭ್ಯಾಸವೂ ಬೇಕಾಗಿದ್ದವು. ಮಸೂರದ ಕೊಳವೆಯ ಮೇಲೆ ದೂರಗಳನ್ನು ಕೆತ್ತಿ, ಅದರ ಇಕ್ಕೆಲಗಳಲ್ಲಿಯೂ ಎಫ್ ಸಂಖ್ಯೆಗಳ ಗೆರೆಗಳನ್ನು ಎಳೆದಿರುತ್ತಿದ್ದರು. ಛಾಯಾಗ್ರಾಹಕನು ಹತ್ತಿರದ ದೂರವನ್ನು ಒಂದು ಗೆರೆಗೂ ಹೆಚ್ಚಿನ ದೂರವನ್ನು ಅದರ ಜೊತೆಯ ಗೆರೆಗೂ ಹೊಂದಿಸಿ ರಂಧ್ರವನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ೫೦ ಮಿಲಿಮೀಟರ್ ಮಸೂರವನ್ನು ಎಫ್ ೮ರಲ್ಲಿ ಸುಮಾರು ಹತ್ತೂವರೆ ಮೀಟರಿಗೆ ಹೊಂದಿಸಿದರೆ, ಅದರ ಅರ್ಧದೂರದಿಂದ ಮೊದಲುಗೊಂಡು ದಿಗಂತದವರೆಗೂ ಸ್ಫುಟವಾಗಿರುವುದೆಂಬುದು ಅನುಭವಸ್ಥರಿಗೆ ಬಾಯಿಪಾಠವಾಗಿತ್ತು. ಮಗ್ಗಿ ಬಲ್ಲ ಹುಡುಗನಿಗೆ ಅಂಗಡಿಯ ಲೆಕ್ಕ ಹೇಗೋ ಅವರಿಗೆ ಈ ಲೆಕ್ಕವು ಹಾಗೆ.

ಕಾಲಕ್ರಮದಲ್ಲಿ ಯಂತ್ರವು ಒಂದೊಂದೇ ಹೊಣೆಯನ್ನು ವಹಿಸಿಕೊಳ್ಳತೊಡಗಿತು. ೧೯೭೬ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯವರ ಎಇ-೧ ಎಂಬ ಕ್ಯಾಮರಾದಲ್ಲಿ ಮೈಕ್ರೋಪ್ರೊಸೆಸರ್ ಬೆಳಕಿನ ಲೆಕ್ಕವನ್ನು ನೋಡಿಕೊಂಡಿತು. ೧೯೮೫ರಲ್ಲಿ ಮಿನೋಲ್ಟಾ ಸಂಸ್ಥೆಯವರ ೭೦೦೦ ಎಂಬ ಮಾದರಿಯು ಮಸೂರವನ್ನು ವಸ್ತುವಿನ ದೂರಕ್ಕೆ ತಾನಾಗಿ ಹೊಂದಿಸುವುದನ್ನು ಲೋಕಪ್ರಿಯವಾಗಿ ಮಾಡಿತು. ೧೯೮೭ರಲ್ಲಿ ಕ್ಯಾನನ್ ಸಂಸ್ಥೆಯವರು ಇಓಎಸ್ ೬೫೦ ಎಂಬ ಹೊಸ ಕ್ಯಾಮರಾವನ್ನು ಹೊರತಂದರು. ಇಓಎಸ್ ಎಂಬುದು ವಿದ್ಯುತ್ತು ಮತ್ತು ದೃಗ್ವಿಜ್ಞಾನಗಳ ಸಂಯೋಗವನ್ನು ಸೂಚಿಸುವ ಮೂರು ಪದಗಳ ಮೊದಲಕ್ಷರಗಳು. ಗ್ರೀಕರ ಪುರಾಣದಲ್ಲಿ ಅದು ಅರುಣೋದಯದ ದೇವತೆಯ ಹೆಸರೂ ಅಹುದು. ಭಾಷಾಶಾಸ್ತ್ರಜ್ಞರು ಈ ಗ್ರೀಕ್ ದೇವತೆಯ ಹೆಸರನ್ನೂ ವೇದದ ಉಷಸ್ಸಿನ ಹೆಸರನ್ನೂ ಒಂದೇ ಧಾತುವಿನಿಂದ ಬಂದವೆಂದು ಹೇಳುತ್ತಾರೆ. ಕತ್ತಲೆಯಲ್ಲಿ ಒಂದಾಗಿ ಕಲೆತಿದ್ದ ವಸ್ತುಗಳನ್ನು ಬೇರೆಬೇರೆಯಾಗಿ ತೋರಿಸುವವಳು ಆಕೆ, ಹೆಸರು ಒಪ್ಪುವಂತಹದೇ.

ಈ ಕ್ಯಾಮರಾದಲ್ಲಿ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವುದೂ ವಿದ್ಯುತ್ತಿನಿಂದಲೇ ನಡೆಯುತ್ತಿತ್ತು. ಆದುದರಿಂದ ದೂರ ಮತ್ತು ರಂಧ್ರ ಎರಡೂ ಒಂದೇ ಲೆಕ್ಕಾಧಿಕಾರಿಯ ಕೈಗೆ ಬಂದಂತಾಯಿತು. ಅದರಿಂದ ಹುಟ್ಟಿದುದು ಡೆಪ್ತ್ ಎಂಬ ವಿಧಾನ. ಛಾಯಾಗ್ರಾಹಕನು ಮೊದಲು ಸ್ಫುಟವಾಗಿರಬೇಕಾದ ಅತಿ ಸಮೀಪದ ವಸ್ತುವನ್ನು ಗುರಿಯಿಟ್ಟು ಗುಂಡಿಯನ್ನು ಅರ್ಧ ಅದುಮಬೇಕು. ಯಂತ್ರವು ಒಂದನೆಯ ಅಂಕಿಯನ್ನು ತೋರಿಸುತ್ತದೆ. ತರುವಾಯ ಅತಿ ದೂರದ ವಸ್ತುವನ್ನು ಗುರಿಯಿಟ್ಟು ಹಾಗೆಯೇ ಮಾಡಬೇಕು. ಎರಡನೆಯ ಅಂಕಿಯನ್ನು ತೋರಿಸುತ್ತದೆ. ಆಮೇಲೆ ಚಿತ್ರದ ಚೌಕಟ್ಟನ್ನು ತನ್ನ ಇಷ್ಟದಂತೆ ಸರಿಪಡಿಸಿಕೊಂಡು ಗುಂಡಿಯನ್ನು ಒತ್ತಿದರೆ, ಮಸೂರವು ನಿಲ್ಲಬೇಕಾದ ದೂರವನ್ನೂ ರಂಧ್ರದ ಅಳತೆಯನ್ನೂ ಯಂತ್ರವೇ ಕಂಡುಹಿಡಿದುಕೊಳ್ಳುತ್ತದೆ.

ಇದರ ಒಳಗಣ ಗಣಿತವು ಸುಂದರವಾದುದು. ಸಮೀಪದ ವಸ್ತು ೩ ಮೀಟರಿನಲ್ಲಿಯೂ ದೂರದ ವಸ್ತು ೬ ಮೀಟರಿನಲ್ಲಿಯೂ ಇದೆಯೆಂದು ಭಾವಿಸಬೇಕು. ಮಸೂರವನ್ನು ಇವೆರಡರ ನಟ್ಟನಡುವಿಗೆ, ಎಂದರೆ ನಾಲ್ಕೂವರೆ ಮೀಟರಿಗೆ, ಹೊಂದಿಸಬೇಕೆಂದು ಸಾಮಾನ್ಯಬುದ್ಧಿಗೆ ತೋರಬಹುದು. ಅದು ಸರಿಯಲ್ಲ. ಎರಡು ದೂರಗಳ ಗುಣಲಬ್ಧವನ್ನು ಇಮ್ಮಡಿಮಾಡಿ ಅವುಗಳ ಮೊತ್ತದಿಂದ ಭಾಗಿಸಬೇಕು: ಮೂರಾರಲ ಹದಿನೆಂಟು, ಅದರ ಇಮ್ಮಡಿ ಮೂವತ್ತಾರು, ಒಂಬತ್ತರಿಂದ ಭಾಗಿಸಿದರೆ ನಾಲ್ಕು. ಮಸೂರವು ೪ ಮೀಟರಿಗೆ ನಿಲ್ಲಬೇಕು. ಸ್ಫುಟತೆಯು ಮುಂದಕ್ಕಿಂತ ಹಿಂದಕ್ಕೆ ಹೆಚ್ಚಾಗಿ ಹಬ್ಬುವುದೇ ಇದಕ್ಕೆ ಕಾರಣ. ರಂಧ್ರದ ಲೆಕ್ಕವನ್ನು ಮಾಡಿದರೆ ೫೦ ಮಿಲಿಮೀಟರ್ ಮಸೂರಕ್ಕೆ ಎಫ್ ೭ರ ಆಸುಪಾಸು ಬರುತ್ತದೆ. ಎಫ್ ೮ ಸಾಕು. ಅದಕ್ಕಿಂತ ಕಿರಿದುಮಾಡಿ ಬೆಳಕನ್ನು ವ್ಯರ್ಥಮಾಡಬೇಕಾದ ಅಗತ್ಯವಿಲ್ಲ. ತೀರ ಕಿರಿದಾದ ರಂಧ್ರದಲ್ಲಿ ಬೆಳಕು ಅಂಚಿನಲ್ಲಿ ಚದರಿ, ಎಫ್ ೨೨ರ ವೇಳೆಗೆ ಬಿಂದುವೆಂಬುದೇ ೦.೦೩ ಮಿಲಿಮೀಟರಿನ ಬಿಲ್ಲೆಯಾಗಿಬಿಡುವುದರಿಂದ, ಆಳದ ಅತಿಯಾಸೆಯು ಸ್ಫುಟತೆಯನ್ನೇ ಕೆಡಿಸುವುದೂ ಉಂಟು.

ಮುಂದೆ ಈ ಎರಡು ಗುರಿಗಳನ್ನು ಇಡುವ ಶ್ರಮವೂ ಹೆಚ್ಚೆಂದು ತೋರಿರಬೇಕು. ಎ-ಡಿಇಪಿ ಎಂಬ ಹೆಸರಿನಿಂದ ಇನ್ನೊಂದು ವಿಧಾನವು ಬಂದಿತು. ೨೦೦೩ರ ಇಓಎಸ್ ೩೦೦ಡಿ ಮೊದಲಾದ ಡಿಜಿಟಲ್ ಕ್ಯಾಮರಾಗಳ ಚಕ್ರದ ಮೇಲೆ ಇದು ಇತ್ತು. ಇದರಲ್ಲಿ ಮನುಷ್ಯನು ಏನನ್ನೂ ತೋರಿಸಬೇಕಾದುದಿಲ್ಲ. ನೋಟದ ಚೌಕಟ್ಟಿನಲ್ಲಿ ದೂರವನ್ನು ಅಳೆಯುವ ಬಿಂದುಗಳು ೩೦೦ಡಿಯಲ್ಲಿ ಏಳು ಇದ್ದವು. ಅವು ತಮ್ಮ ತಮ್ಮ ಕೆಳಗೆ ಬಿದ್ದ ವಸ್ತುಗಳ ದೂರವನ್ನು ತಿಳಿದು, ಅವುಗಳಲ್ಲಿ ಅತಿ ಸಮೀಪದ್ದನ್ನೂ ಅತಿ ದೂರದ್ದನ್ನೂ ಯಂತ್ರವೇ ಆರಿಸಿಕೊಂಡು ಲೆಕ್ಕವನ್ನು ಮುಗಿಸುತ್ತಿತ್ತು.

ಈ ವಿಧಾನದಲ್ಲಿ ಮೆಚ್ಚಬೇಕಾದ ಗುಣವೊಂದುಂಟು. ತನ್ನಿಂದ ಆಗದ ಕೆಲಸವನ್ನು ಆಗದೆಂದು ಯಂತ್ರವು ಒಪ್ಪಿಕೊಳ್ಳುತ್ತಿತ್ತು. ೧ ಮೀಟರ್ ದೂರದ ಹೂವಿನಿಂದ ದಿಗಂತದ ಬೆಟ್ಟದವರೆಗೆ ಎಲ್ಲವೂ ಸ್ಫುಟವಾಗಬೇಕಾದರೆ ೫೦ ಮಿಲಿಮೀಟರ್ ಮಸೂರಕ್ಕೆ ಎಫ್ ೪೨ರಷ್ಟು ಕಿರಿದಾದ ರಂಧ್ರ ಬೇಕಾಗುತ್ತದೆ. ಅಂತಹ ಮಸೂರಗಳು ಸಾಮಾನ್ಯವಾಗಿ ಎಫ್ ೨೨ಕ್ಕೇ ನಿಲ್ಲುತ್ತವೆ. ಆಗ ಎಫ್ ಸಂಖ್ಯೆಯು ಮಿಣುಕತೊಡಗುತ್ತಿತ್ತು. ಬೆಳಕು ಸರಿಯಾಗಿದೆ, ಆದರೆ ಕೇಳಿದ ಆಳವನ್ನು ಕೊಡಲು ಸಾಧ್ಯವಿಲ್ಲ ಎಂಬುದು ಆ ಮಿಣುಕಿನ ಅರ್ಥ. ಹೆಚ್ಚು ಅಗಲದ ನೋಟವುಳ್ಳ ಮಸೂರವನ್ನು ಹಾಕಿ, ಅಥವಾ ಕೆಲವು ಹೆಜ್ಜೆ ಹಿಂದಕ್ಕೆ ಸರಿಯಿರಿ ಎಂಬುದು ಅದರೊಡನೆ ಬರುವ ಪುಸ್ತಕದ ಉಪದೇಶ. ಲೆಕ್ಕವೂ ಇದಕ್ಕೆ ಸಾಕ್ಷಿಯಾಗಿದೆ: ೨೮ ಮಿಲಿಮೀಟರ್ ಮಸೂರವಾದರೆ ಎಫ್ ೧೬ರಲ್ಲಿಯೇ ಆ ಕಾರ್ಯವು ಸಾಧ್ಯ, ಮಸೂರವನ್ನು ಬದಲಿಸದೆ ಹೂವಿನಿಂದ ೩ ಮೀಟರಿಗೆ ಸರಿದರೂ ಎಫ್ ೧೬ ಸಾಕಾಗುತ್ತದೆ. ಅರಿಯದ ಪ್ರಶ್ನೆಗೆ ಉತ್ತರವನ್ನು ಹೊಸೆಯದೆ ಅರಿಯೆನೆಂದು ಹೇಳುವ ವಿದ್ಯಾರ್ಥಿಯು ಉಪಾಧ್ಯಾಯರಿಗೆ ಎಷ್ಟು ಪ್ರಿಯನೋ, ಈ ಮಿಣುಕುವ ಅಂಕಿಯೂ ಅಷ್ಟೇ ಆದರಣೀಯವಾದುದು.

ಆದರೆ ಮಿಣುಕದೆ ಇದ್ದಾಗಲೂ ತೊಂದರೆಯಿಲ್ಲವೆಂದು ತಿಳಿಯಲಾಗದು. ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ತೊಂಬತ್ತು ದಾಟಿದ ಮುತ್ತಜ್ಜಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಾಳೆ. ಮಡಿಲಲ್ಲಿ ಐದು ತಿಂಗಳ ಮರಿಮಗು. ಮಗುವಿನ ತಂದೆತಾಯಿಗಳು ದೂರದೇಶದಿಂದ ಎರಡು ವಾರದ ರಜೆಯ ಮೇಲೆ ಬಂದವರು, ನಾಳೆಯೇ ಹೊರಡತಕ್ಕವರು. ಮುತ್ತಜ್ಜಿಯೂ ಮಗುವೂ ಇನ್ನೊಮ್ಮೆ ಒಂದೆಡೆ ಕೂಡುವುದು ದೈವಾಧೀನ. ಕುರ್ಚಿಯು ಕ್ಯಾಮರಾದಿಂದ ೩ ಮೀಟರ್ ದೂರದಲ್ಲಿದೆ. ಮಕ್ಕಳು ಮೊಮ್ಮಕ್ಕಳು ಹಿಂದೆ ೪ ಮೀಟರಿನಲ್ಲಿ ನಿಂತಿದ್ದಾರೆ. ಅವರ ಹಿಂದೆ ೬ ಮೀಟರಿನಲ್ಲಿ ಗೋಡೆ; ಗೋಡೆಯ ಮೇಲೆ ಯಾವುದೋ ಜವಳಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ದೂರವನ್ನು ಅಳೆಯುವ ಬಿಂದುಗಳಲ್ಲಿ ಒಂದು ಮಡಿಲಿನ ಮೇಲೆ ಬಿದ್ದಿತು. ಇನ್ನೊಂದು ಇಬ್ಬರ ತಲೆಗಳ ನಡುವಣ ಸಂದಿನಲ್ಲಿ ಹಾಯ್ದು ಕ್ಯಾಲೆಂಡರಿನ ಮೇಲೆ ಬಿದ್ದಿತು. ಯಂತ್ರವು ೩ರಿಂದ ೬ರವರೆಗೆ ಆಳ ಬೇಕೆಂದು ಸರಿಯಾಗಿಯೇ ಎಣಿಸಿ ಎಫ್ ೮ನ್ನು ಆರಿಸಿತು.

ರಂಧ್ರವು ಕಿರಿದಾದರೆ ಬೆಳಕು ಕಡಮೆ. ಆ ಕೊರತೆಯನ್ನು ಕಾಲದಿಂದ ತುಂಬಬೇಕು. ಎಫ್ ೨ರಿಂದ ಎಫ್ ೮ಕ್ಕೆ ಬಂದರೆ ಒಳಬರುವ ಬೆಳಕು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಪಡಸಾಲೆಯ ಬೆಳಕಿನಲ್ಲಿ ಎಫ್ ೨ಕ್ಕೆ ಸೆಕೆಂಡಿನ ೨೫೦ನೆಯ ಒಂದು ಭಾಗ ಸಾಕಾಗಿದ್ದರೆ, ಎಫ್ ೮ಕ್ಕೆ ೧೫ನೆಯ ಒಂದು ಭಾಗ ಬೇಕು. ಮುತ್ತಜ್ಜಿಯು ಅಲುಗದೆ ಕುಳಿತಳು. ಮಗುವು ಆ ಕ್ಷಣದಲ್ಲಿಯೇ ಮುಖವನ್ನು ಆಕೆಯ ಕಡೆಗೆ ತಿರುಗಿಸಿತು. ಚಿತ್ರದಲ್ಲಿ ಕ್ಯಾಲೆಂಡರಿನ ತಾರೀಖುಗಳನ್ನು ಒಂದೊಂದಾಗಿ ಓದಬಹುದು. ಮಗುವಿನ ಮುಖವು ಮಾತ್ರ ಒರಸಿಹೋದ ಹಾಗಿದೆ. ಜನರನ್ನು ಮಾತ್ರ, ಎಂದರೆ ೩ರಿಂದ ೪ ಮೀಟರಿನವರೆಗೆ ಮಾತ್ರ, ಸ್ಫುಟಗೊಳಿಸಿದ್ದರೆ ಎಫ್ ೪ ಸಾಕಾಗುತ್ತಿತ್ತು. ಸೆಕೆಂಡಿನ ೬೦ನೆಯ ಒಂದು ಭಾಗದಲ್ಲಿ ಕಾರ್ಯ ಮುಗಿಯುತ್ತಿತ್ತು. ಮಗುವಿನ ಮುಖವು ಉಳಿಯುವ ಸಂಭವವು ಹೆಚ್ಚುತ್ತಿತ್ತು. ಯಾರಿಗೂ ಬೇಡದ ಕ್ಯಾಲೆಂಡರಿಗಾಗಿ ನಾಲ್ಕರಷ್ಟು ಕಾಲವನ್ನು ತೆತ್ತಂತಾಯಿತು.

ಇಲ್ಲಿ ಯಂತ್ರದ ಗಣಿತದಲ್ಲಿ ತಪ್ಪೇನೂ ಇಲ್ಲ. ಇತ್ತ ದೂರ, ಅತ್ತ ಸಾಮೀಪ್ಯ ಎಂಬ ಎರಡು ದೋಷಗಳನ್ನೂ ಅದು ಪರಿಹರಿಸಿತು. ಸಾಂಖ್ಯರು ಹೇಳಿದ ಎಂಟು ಕಾರಣಗಳಲ್ಲಿ ನಾಲ್ಕನೆಯದು ಮನಸ್ಸು ನಿಲ್ಲದಿರುವುದು. ವಸ್ತುವು ಯೋಗ್ಯವಾದ ದೂರದಲ್ಲಿದ್ದರೂ, ಇಂದ್ರಿಯವು ಪಟುವಾಗಿದ್ದರೂ, ಮನಸ್ಸು ಅದರಲ್ಲಿ ನೆಲೆಗೊಳ್ಳದಿದ್ದರೆ ಅದು ಕಾಣುವುದಿಲ್ಲ. ಯಂತ್ರಕ್ಕೆ ಚಂಚಲವಾದ ಮನಸ್ಸಿಲ್ಲ. ಸ್ಥಿರವಾದ ಮನಸ್ಸೂ ಇಲ್ಲ. ೩ ಮೀಟರಿನಲ್ಲಿರುವುದು ಮಗುವೆಂದಾಗಲಿ ೬ ಮೀಟರಿನಲ್ಲಿರುವುದು ಕಾಗದವೆಂದಾಗಲಿ ಆ ಏಳು ಬಿಂದುಗಳಿಗೆ ತಿಳಿಯುತ್ತಿರಲಿಲ್ಲ. ಅವಕ್ಕೆ ತಿಳಿದುದು ದೂರವೊಂದೇ.

ಹಾಗೆ ನೋಡಿದರೆ ಮೊದಲಿನ ಡೆಪ್ತ್ ವಿಧಾನಕ್ಕೂ ಎರಡನೆಯದಕ್ಕೂ ಇರುವ ಭೇದವು ಅಲ್ಪವಾದುದಲ್ಲ. ಮೊದಲನೆಯದರಲ್ಲಿ ಇಲ್ಲಿಂದ ಇಲ್ಲಿಯವರೆಗೆ ಎಂದು ಮನುಷ್ಯನು ಬೆರಳಿಟ್ಟು ತೋರಿಸುತ್ತಿದ್ದನು. ಹೇಗೆಂಬುದನ್ನು ಮಾತ್ರ ಯಂತ್ರವು ನೋಡಿಕೊಳ್ಳುತ್ತಿತ್ತು. ಎರಡನೆಯದರಲ್ಲಿ ಏನು ಎಂಬುದನ್ನೂ ಯಂತ್ರವೇ ನಿಶ್ಚಯಿಸುತ್ತಿತ್ತು. ಮನೆಯ ಯಜಮಾನನು ಪಾತ್ರೆಯನ್ನು ತೋರಿಸಿ ತುಂಬೆಂದು ಹೇಳುವುದು ಬೇರೆ. ನೀರಾಳು ಕಣ್ಣಿಗೆ ಬಿದ್ದ ಪಾತ್ರೆಗಳಿಗೆಲ್ಲ ನೀರು ಹೊಯ್ಯುವುದು ಬೇರೆ. ಎರಡರಲ್ಲಿಯೂ ಪಾತ್ರೆಗಳು ತುಂಬುತ್ತವೆ. ಬಾವಿಯಲ್ಲಿ ನೀರು ಕಡಮೆಯಿರುವಾಗ ವ್ಯತ್ಯಾಸವು ಗೊತ್ತಾಗುತ್ತದೆ.

ಈ ವಿಧಾನವು ಬಹುಕಾಲ ಬಾಳಲಿಲ್ಲ.  ೨೦೧೩ರಲ್ಲಿ ಬಂದ ಇಓಎಸ್ ೭೦ಡಿ ಕ್ಯಾಮರಾದಲ್ಲಿ ಅದು ಇರಲಿಲ್ಲ. ಅಷ್ಟರಲ್ಲಿ ಛಾಯಾಗ್ರಹಣವು ಕ್ಯಾಮರಾದಿಂದ ಜೇಬಿನ ಫೋನಿಗೆ ಇಳಿದುಬರುತ್ತಿತ್ತು. ಫೋನಿನ ಮಸೂರದ ನಾಭಿದೂರವು ಕೆಲವೇ ಮಿಲಿಮೀಟರುಗಳಾದುದರಿಂದ ಅದರಲ್ಲಿ ಸ್ಫುಟತೆಯ ಆಳವು ಬೇಡವೆಂದರೂ ಹೆಚ್ಚಾಗಿರುತ್ತದೆ. ಒಂದು ಕಾಲದಲ್ಲಿ ಆಳವನ್ನು ಪಡೆಯುವುದಕ್ಕೆ ಪಟ್ಟ ಪಾಡು ಈಗ ಅದನ್ನು ಕಳೆದುಕೊಳ್ಳುವುದಕ್ಕೆ ತಿರುಗಿತು. ೨೦೧೬ರಲ್ಲಿ ಆಪಲ್ ಸಂಸ್ಥೆಯವರು ಐಫೋನ್ ೭ ಪ್ಲಸ್‌ನಲ್ಲಿ ಎರಡು ಮಸೂರಗಳ ನೋಟಭೇದದಿಂದ ದೂರವನ್ನು ಊಹಿಸಿ, ಹಿನ್ನೆಲೆಯನ್ನು ಗಣಿತದಿಂದಲೇ ಮಸುಕುಗೊಳಿಸುವ ವಿಧಾನವನ್ನು ತಂದರು. ೨೦೧೮ರ ಐಫೋನ್ ಟೆನ್ ಎಸ್‌ನಲ್ಲಿ ಚಿತ್ರವನ್ನು ತೆಗೆದ ಮೇಲೆಯೂ ಆ ಮಸುಕನ್ನು ಬೆರಳಿನಿಂದ ಹೆಚ್ಚುಕಡಮೆ ಮಾಡುವ ಅನುಕೂಲವು ದೊರೆಯಿತು. ತೆರೆಯ ಮೇಲೆ ತೋರುವ ಎಫ್ ಸಂಖ್ಯೆಯು ಬದಲಾಗುತ್ತದೆ. ಮಸೂರದ ರಂಧ್ರವು ಮಾತ್ರ ಇದ್ದಂತೆಯೇ ಇರುತ್ತದೆ. ಕೆದರಿದ ಕೂದಲು, ಕನ್ನಡಕದ ಅಂಚು ಮುಂತಾದ ಕಡೆಗಳಲ್ಲಿ ಈ ಲೆಕ್ಕವು ಎಡವುವುದನ್ನು ಸೂಕ್ಷ್ಮವಾಗಿ ನೋಡುವವರು ಕಾಣಬಹುದು. ಈ ಹೊಸ ಯಂತ್ರಗಳು ಮುಖವನ್ನು ಮುಖವೆಂದು ಗುರುತಿಸುತ್ತವೆ. ಹಳೆಯ ಏಳು ಬಿಂದುಗಳಿಗಿಂತ ಇದು ದೊಡ್ಡ ಮುನ್ನಡೆಯೆಂಬುದರಲ್ಲಿ ಸಂಶಯವಿಲ್ಲ. ಆದರೂ ಹತ್ತು ಮುಖಗಳಲ್ಲಿ ಯಾವುದಕ್ಕಾಗಿ ಚಿತ್ರವನ್ನು ತೆಗೆಯಲಾಗುತ್ತಿದೆ ಎಂಬುದು ಆ ಮನೆಯವರಿಗೆ ತಿಳಿದಿರುವಂತೆ ಯಂತ್ರಕ್ಕೆ ತಿಳಿದಿರುವುದಿಲ್ಲ.

ಯಂತ್ರವನ್ನು ದೂರುವುದು ಸುಲಭ, ಅದರಿಂದ ಪ್ರಯೋಜನವಿಲ್ಲ. ಲೆಕ್ಕದ ಭಾರವನ್ನು ಅದಕ್ಕೆ ಹೊರಿಸಿ ಮನಸ್ಸನ್ನು ವಸ್ತುವಿನ ಕಡೆಗೆ ತಿರುಗಿಸುವುದು ಮೆಚ್ಚತಕ್ಕ ಮಾತೇ ಆಗಿದೆ. ಚಿತ್ರವನ್ನು ತೆಗೆಯುವವರು, ಅದು ಕ್ಯಾಮರಾವಾಗಲಿ ಫೋನಾಗಲಿ, ಗುಂಡಿಯನ್ನು ಒತ್ತುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಇಲ್ಲಿ ಸ್ಪಷ್ಟವಾಗಿ ಉಳಿಯಲೇಬೇಕಾದುದು ಯಾವುದು? ಅದಕ್ಕಾಗಿ ಯಾವುದು ಮಸುಕಾದರೂ ಚಿಂತೆಯಿಲ್ಲ? ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತ ಕಠಿನವಾದುದು. ಬೆಳಕು ಅಪಾರವಾಗಿದ್ದ ಕಡೆ ಅದನ್ನು ಕೇಳದೆಯೂ ನಡೆದೀತು. ಗೃಹಸ್ಥರ ಪಡಸಾಲೆಗಳಲ್ಲಿ ಬೆಳಕು ಸಾಮಾನ್ಯವಾಗಿ ಅಷ್ಟಿರುವುದಿಲ್ಲ, ಮಕ್ಕಳು ಅಲುಗದೆ ಕೂರುವುದೂ ಇಲ್ಲ. ಆ ಉತ್ತರವನ್ನು ಕೊಟ್ಟ ಮೇಲೆ ಉಳಿದ ಗುಣಾಕಾರ ಭಾಗಾಕಾರಗಳನ್ನು ಯಂತ್ರಕ್ಕೆ ಬಿಡಬಹುದು. ಅದನ್ನು ಅದು ಮನುಷ್ಯನಿಗಿಂತ ಬೇಗನೆಯೂ ಸರಿಯಾಗಿಯೂ ಮಾಡುತ್ತದೆ.